ಹಡಗಿನಿಂದ ಇಳಿದ ಮೇಲೆ ಈ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಪ್ರಶ್ನೆ: ದಸರಾ ರಜೆಗೆ ಸಿಂಗಾಪುರದಿಂದ ಹೊರಡುವ ನಾಲ್ಕು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದೇವೆ. ಒಂದು ದಿನ ಮಲೇಷ್ಯಾದ ಪೆನಾಂಗ್, ಒಂದು ದಿನ ಥಾಯ್ಲೆಂಡಿನ ಫುಕೆಟ್. ಹೊರಡುವವರು ನಾವಿಬ್ಬರು, ನಮ್ಮತ್ತೆ (71), ಮಗ (16), ಮಗಳು (13). ದಡದಲ್ಲಿ ಸುತ್ತಾಡಿಸುವ ಟೂರ್‌ಗಳ ಉದ್ದ ಪಟ್ಟಿಯನ್ನೇ ಹಡಗಿನವರು ಕಳಿಸಿದ್ದಾರೆ, ಓದಿ ಓದಿ ತಲೆ ಕೆಟ್ಟಿದೆ. ಮಗನನ್ನು ಕೇಳಿದರೆ "ಯಾವ್ದಾದ್ರೂ ಮಾಡು" ಅಂತಾನೆ. ಮಗಳು ಫೋನಿನಿಂದ ತಲೆಯೇ ಎತ್ತುವುದಿಲ್ಲ. ಹೋದ ವರ್ಷ ಕೇರಳಕ್ಕೆ ಹೋದಾಗ ಇಬ್ಬರೂ ಮುಖ ಊದಿಸಿಕೊಂಡು ಗಾಡಿಯಲ್ಲೇ ಕೂತಿದ್ದರು. ಇಷ್ಟು ದುಡ್ಡು ಸುರಿದು ಮತ್ತೆ ಅದೇ ಮುಖ ನೋಡಬೇಕಾ? ಮಗನಿಗೆ ಫುಟ್‌ಬಾಲ್ ಹುಚ್ಚು, ಮಗಳಿಗೆ ಚಿತ್ರ ಬರೆಯುವ ಹುಚ್ಚು. ಇಬ್ಬರೂ ಅಪಾರ್ಟ್‌ಮೆಂಟಿನ ಪೂಲಿನಲ್ಲಿ ಈಜುತ್ತಾರೆ. ಎಲ್ಲರೂ ಸಸ್ಯಾಹಾರಿಗಳು.
– ಒಬ್ಬ ಅಮ್ಮ, ರಾಜಾಜಿನಗರ

ಉತ್ತರ: ಮೊದಲು ಆ ಪಟ್ಟಿಯನ್ನು ಮಡಚಿ ಪಕ್ಕಕ್ಕಿಡಿ. ಅದರಲ್ಲಿ ಮುಕ್ಕಾಲು ಪಾಲು ಒಂದೇ ಟೂರು, ಹೆಸರು ಮಾತ್ರ ಬೇರೆ. ಬಸ್ ಹತ್ತಿ, ದೇವಸ್ಥಾನದ ಮುಂದೆ ಇಳಿಯಿರಿ, ಫೋಟೋ ತೆಗೆಯಿರಿ, ಬಸ್ ಹತ್ತಿ, ಅಂಗಡಿ ಮುಂದೆ ಇಳಿಯಿರಿ. ನಮ್ಮಂಥವರಿಗೆ ಇದು ಪರವಾಗಿಲ್ಲ. ಎಸಿ ಇರುತ್ತದೆ, ಪಕ್ಕದ ಸೀಟಿನವರ ಹತ್ತಿರ ಅವರ ಮಗಳ ಮದುವೆ ಕತೆ ಕೇಳಬಹುದು. ಹದಿನಾರರ ಹುಡುಗನಿಗೆ ಮಾತ್ರ ಅದು ಸ್ಕೂಲ್ ಟ್ರಿಪ್, ಅದೂ ಫ್ರೆಂಡ್ಸ್ ಯಾರೂ ಇಲ್ಲದ ಸ್ಕೂಲ್ ಟ್ರಿಪ್.

ನಾನು ಯಾವ ಟೂರ್ ನೋಡಿದರೂ ಒಂದೇ ಲೆಕ್ಕ ಹಾಕುತ್ತೇನೆ. ಬಸ್ಸಿನಲ್ಲಿ ಎಷ್ಟು ಹೊತ್ತು, ಕೈಕಾಲಿಗೆ ಕೆಲಸ ಎಷ್ಟು ಹೊತ್ತು? ಎರಡನೆಯದು ಜಾಸ್ತಿ ಇದ್ದರೆ ಮಕ್ಕಳಿಗೆ ಸರಿ. ಈ ಲೆಕ್ಕ ನಾನು ಕಲಿತದ್ದು ದುಡ್ಡು ಕಳೆದುಕೊಂಡ ಮೇಲೆ. ಅಣ್ಣನ ಮಗಳನ್ನು ಕರೆದುಕೊಂಡು ಫುಕೆಟ್‌ಗೆ ಹೋಗಿದ್ದಾಗ, ಯಾರು ಅಂತ ಹೇಳುವುದಿಲ್ಲ, ಒಬ್ಬರ ಹತ್ತಿರ ಇಡೀ ದ್ವೀಪ ತೋರಿಸುವ ಟೂರ್ ತೆಗೆದುಕೊಂಡೆ. ಆರು ಗಂಟೆಯಲ್ಲಿ ಒಂದು ಗೋಡಂಬಿ ಅಂಗಡಿ, ಒಂದು ಹರಳಿನ ಒಡವೆ ಶೋರೂಮ್, ಒಂದು ರಬ್ಬರ್ ದಿಂಬಿನ ಅಂಗಡಿ ನೋಡಿದೆವು, ಸಮುದ್ರ ನೋಡಿದ್ದು ಕಿಟಕಿಯಿಂದ. ಹದಿನಾಲ್ಕರ ಹುಡುಗಿ ನನ್ನ ಕಿವಿಯಲ್ಲಿ, "ಅತ್ತೆ, ಗೋಡಂಬಿ ಮಲ್ಲೇಶ್ವರದಲ್ಲೂ ಸಿಗುತ್ತೆ ಅಲ್ವಾ?" ಅಂದಳು. ಆಮೇಲೆ ಸಂಜೆವರೆಗೆ ಮಾತಿಲ್ಲ.

ಈಗ ನಿಮ್ಮ ಫುಕೆಟ್. ಎಲ್ಲರ ಬಾಯಲ್ಲೂ ಮೊದಲು ಬರುವ ಹೆಸರು ಫಿ ಫಿ ದ್ವೀಪ. ಡಿಸೆಂಬರಿನಿಂದ ಏಪ್ರಿಲ್ ಒಳಗೆ ಹೋಗುವವರಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನೀವು ಹೋಗುತ್ತಿರುವುದು ದಸರಾಕ್ಕೆ. ಅಲ್ಲಿ ಮುಂಗಾರು ಮೇ ತಿಂಗಳಿಂದ ಅಕ್ಟೋಬರ್‌ವರೆಗೂ ಇರುತ್ತದೆ, ಪಶ್ಚಿಮದ ಕಡೆ ಸಮುದ್ರ ಯಾವಾಗ ಕೆರಳುತ್ತದೆ ಹೇಳಲಾಗದು. ಫಿ ಫಿಗೆ ಹೋಗಲು ತೆರೆದ ಸಮುದ್ರದಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸ್ಪೀಡ್‌ಬೋಟಿನಲ್ಲಿ ಕೂರಬೇಕು. ಅಲೆ ಇದ್ದ ದಿನ ಅದು ನಮ್ಮ ಹಳೇ ಮಾಗಡಿ ರಸ್ತೆಯ ಗುಂಡಿಗಳಲ್ಲಿ ಆಟೋ ಓಡಿಸಿದ ಹಾಗೆ, ಸೊಂಟ ಬಿದ್ದು ಹೋಗುತ್ತದೆ. ಅಲ್ಲಿನ ಮಾಯಾ ಬೇ ಅನ್ನುವ ಕೊಲ್ಲಿಯನ್ನು ಹವಳ ಚೇತರಿಸಿಕೊಳ್ಳಲಿ ಅಂತ 2018ರಲ್ಲಿ ಮುಚ್ಚಿ 2022ರಲ್ಲಿ ತೆರೆದರು. ಈಗಲೂ ಅಲ್ಲಿ ಮನಸ್ಸಿಗೆ ಬಂದ ಹಾಗೆ ಈಜಲು ಬಿಡುವುದಿಲ್ಲ. ಈಜಬಹುದು ಅಂತ ಆಸೆ ಇಟ್ಟುಕೊಂಡು ಹೋದ ಮಕ್ಕಳಿಗೆ ನಿರಾಸೆಯಾಗುತ್ತದೆ.

ಅದರ ಬದಲು ಫಾಂಗ್ ನಾ ಕೊಲ್ಲಿ ಆರಿಸಿಕೊಳ್ಳಿ. ಅದು ಫುಕೆಟ್‌ನ ಪೂರ್ವಕ್ಕೆ, ದ್ವೀಪಕ್ಕೂ ಮುಖ್ಯ ನೆಲಕ್ಕೂ ನಡುವೆ ಇದೆ. ಗಾಳಿ ಅಲೆ ಎರಡಕ್ಕೂ ದ್ವೀಪವೇ ಅಡ್ಡ ನಿಂತಿರುವುದರಿಂದ ನೀರು ಕೆರೆಯ ಹಾಗೆ ಇರುತ್ತದೆ. ನೀರೊಳಗಿಂದ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಗುಡ್ಡಗಳು, ಅವುಗಳ ಬುಡದಲ್ಲಿ ಗುಹೆ. ಟೂರಿನ ಹೆಸರಿನಲ್ಲಿ ಸೀ ಕನೂ ಅಥವಾ ಕಯಾಕ್ ಅಂತ ಇರಬೇಕು, ಅದನ್ನು ಮರೆಯದೆ ನೋಡಿ. ರಬ್ಬರ್ ದೋಣಿಯಲ್ಲಿ ಇಬ್ಬಿಬ್ಬರನ್ನು ಕೂರಿಸಿ ಗೈಡ್ ಹುಟ್ಟು ಹಾಕುತ್ತಾನೆ. ಕೆಲವು ಗುಹೆಗಳಲ್ಲಿ ಚಾವಣಿ ಎಷ್ಟು ತಗ್ಗು ಅಂದರೆ ದೋಣಿಯಲ್ಲೇ ಅಂಗಾತ ಮಲಗಬೇಕು, ಮೂಗಿನ ಮೇಲೆ ಕಲ್ಲು ಹಾದುಹೋಗುತ್ತದೆ, ಕತ್ತಲೆ, ಬಾವಲಿ ವಾಸನೆ, ಆಮೇಲೆ ಒಮ್ಮೆಲೇ ಬೆಳಕು. ಸುತ್ತಲೂ ಬಂಡೆಯ ಗೋಡೆ, ಮೇಲೆ ಆಕಾಶ, ಒಳಗೆ ಪುಟ್ಟ ಕೊಳ. ಇದಕ್ಕೆ ಅಲ್ಲಿಯವರು ಹಾಂಗ್ ಅನ್ನುತ್ತಾರೆ, ಥಾಯ್ ಭಾಷೆಯಲ್ಲಿ ಕೋಣೆ ಅಂತ ಅರ್ಥ. ಭರತ ಇಳಿತ ನೋಡಿಕೊಂಡೇ ಒಳಗೆ ಬಿಡುವುದು. ನನ್ನ ಅಣ್ಣನ ಮಗಳು ಅಲ್ಲಿಂದ ಈಚೆ ಬಂದು, ಫೋಟೋ ತೆಗೆಯುವುದನ್ನೇ ಮರೆತೆ ಅಂದಳು. ಇದು ಮಾರನೇ ದಿನದ ಮಾತು, ಗೋಡಂಬಿ ದಿನದ್ದಲ್ಲ.

ಅದೇ ಕೊಲ್ಲಿಯಲ್ಲಿ ಕೊ ಪನ್ಯಿ ಅಂತ ಒಂದು ಊರಿದೆ, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮೀನುಗಾರರ ಊರು. ನಿಮ್ಮ ಮಗನಿಗೆ ಇದನ್ನು ಈಗಲೇ ಹೇಳಿ. ಅಲ್ಲಿ ಆಡಲು ಒಂದು ಗೇಣು ನೆಲ ಇಲ್ಲ. 1986ರ ವಿಶ್ವಕಪ್ಪನ್ನು ಟಿವಿಯಲ್ಲಿ ನೋಡಿದ ಹುಡುಗರು ಹಳೇ ಮರದ ತುಂಡು, ಮೀನಿನ ತೆಪ್ಪ ಎಲ್ಲ ಸೇರಿಸಿ ನೀರಿನ ಮೇಲೇ ತೇಲುವ ಫುಟ್‌ಬಾಲ್ ಮೈದಾನ ಮಾಡಿಕೊಂಡರು. ಚೆಂಡು ಹೊರಗೆ ಹೋದರೆ ಸಮುದ್ರಕ್ಕೆ ಹಾರಬೇಕು. ಅಲ್ಲಿ ಈಗಲೂ ತೇಲುವ ಮೈದಾನ ಇದೆ. ಫಾಂಗ್ ನಾ ಟೂರುಗಳಲ್ಲಿ ಎಷ್ಟೋ ಕಡೆ ಮಧ್ಯಾಹ್ನದ ಊಟ ಅಲ್ಲೇ, ಆದರೆ ಎಲ್ಲದರಲ್ಲೂ ಅಲ್ಲ, ಕೇಳಿ ಬುಕ್ ಮಾಡಿ. ಅದು ಮುಸ್ಲಿಮರ ಊರು, ಒದ್ದೆ ಈಜುಡುಗೆಯಲ್ಲಿ ಓಡಾಡಬೇಡಿ, ಮೇಲೊಂದು ಟೀ ಶರ್ಟ್ ಇರಲಿ. ಊಟದಲ್ಲಿ ಮೀನು ಸೀಗಡಿಯೇ ಜಾಸ್ತಿ. ಸಸ್ಯಾಹಾರ ಬೇಕು, ಮೀನಿನ ಸಾಸ್ ಹಾಕಬಾರದು ಅಂತ ಎರಡನ್ನೂ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ತರಕಾರಿಯಲ್ಲೇ ಮೀನಿನ ಸಾಸ್ ಬಂದಿರುತ್ತದೆ. ಜೇಮ್ಸ್ ಬಾಂಡ್ ದ್ವೀಪವೂ ಇದೇ ದಾರಿಯಲ್ಲಿದೆ. ಹೆಸರು ದೊಡ್ಡದು, ಇರುವುದು ಒಂದು ಬಂಡೆ, ಹತ್ತು ಅಂಗಡಿ, ಜಾತ್ರೆ ಜನ. ಇಪ್ಪತ್ತು ನಿಮಿಷ ಸಾಕು.

ಆನೆ ಸವಾರಿಯ ಟೂರ್ ಪಟ್ಟಿಯಲ್ಲಿ ಇದ್ದೇ ಇರುತ್ತದೆ, ಬೇಡ. ದುಬಾರೆ ನೋಡಿದ ಮಕ್ಕಳಿಗೆ ಆನೆ ಹೊಸದಲ್ಲ, ಮೇಲಾಗಿ ಈಗಿನ ಮಕ್ಕಳು ಸವಾರಿ ಅಂದರೆ ನಿಮ್ಮನ್ನೇ ಬೈಯುತ್ತಾರೆ.

ಪೂಲಿನಲ್ಲಿ ಈಜು ಬರುತ್ತದೆ ಅಂದಿರಿ. ಪೂಲಿನ ನೀರು ಎಳೆಯುವುದಿಲ್ಲ, ಸಮುದ್ರ ಎಳೆಯುತ್ತದೆ. ಬೀಚಿನಲ್ಲಿ ಕೆಂಪು ಬಾವುಟ ಇದ್ದರೆ ಮೊಣಕಾಲುದ್ದ ನೀರಿಗೂ ಬೇಡ. ದೋಣಿಯಲ್ಲಿ ಲೈಫ್ ಜಾಕೆಟ್ ಬಿಚ್ಚುವುದಿಲ್ಲ ಅಂತ ಮಗನ ಹತ್ತಿರ ಹೊರಡುವ ಮೊದಲೇ ಮಾತು ತೆಗೆದುಕೊಳ್ಳಿ, ಹುಡುಗಿಯರಿಗಿಂತ ಹುಡುಗರೇ ಇದರಲ್ಲಿ ಹಠಮಾರಿಗಳು. ಮಗಳಿಗೆ ತುಂಬುತೋಳಿನ, ಕಾಲು ಮುಚ್ಚುವ ಈಜುಡುಗೆ ಕೊಡಿಸಿ. ಬಿಸಿಲಿಗೂ ಆಯಿತು, ಸಂಕೋಚಕ್ಕೂ ಆಯಿತು. ಹದಿಮೂರರ ಹುಡುಗಿ "ನಂಗೆ ನೀರು ಇಷ್ಟ ಇಲ್ಲ" ಅಂದರೆ ಎಷ್ಟೋ ಸಲ ಅದು ಬಟ್ಟೆಯ ಚಿಂತೆ. ಇಲ್ಲವೇ ಆ ದಿನಗಳ ಚಿಂತೆ. ಮೊದಲೇ ಮೆಲ್ಲಗೆ ಕೇಳಿಬಿಡಿ.

ಪೆನಾಂಗ್‌ನಲ್ಲಿ ಟೂರೇ ಬೇಡ. ಹಡಗು ನಿಲ್ಲುವುದು ಜಾರ್ಜ್‌ಟೌನ್ ಊರೊಳಗೇ, ಇಳಿದು ನಡೆದರೆ ಹಳೇ ಪೇಟೆ. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಊರು ಅದು. ಅಲ್ಲಿನ ಗೋಡೆಗಳ ಮೇಲೆ ಎರ್ನೆಸ್ಟ್ ಜಕಾರೆವಿಚ್ ಅನ್ನುವ ಲಿಥುವೇನಿಯಾದ ಕಲಾವಿದ 2012ರಲ್ಲಿ ಬರೆದ ಚಿತ್ರಗಳಿವೆ. ಗೋಡೆಗೆ ನಿಜವಾದ ಹಳೇ ಸೈಕಲ್ ನಿಲ್ಲಿಸಿ, ಅದರ ಮೇಲೆ ಕೂತ ಮಕ್ಕಳನ್ನು ಗೋಡೆಯಲ್ಲಿ ಬರೆದಿದ್ದಾನೆ. ಮ್ಯಾಪ್ ಮಗಳ ಕೈಗೆ ಕೊಡಿ, "ಇವತ್ತು ದಾರಿ ತೋರಿಸುವವಳು ನೀನು" ಅನ್ನಿ. ದಾರಿ ತಪ್ಪಿದರೆ ತಪ್ಪಲಿ, ಬಾಯಿ ಬಿಡಬೇಡಿ. ಇದು ನಮ್ಮಂಥವರಿಗೆ ಬಹಳ ಕಷ್ಟ, ಗೊತ್ತು.

ಊಟದ ಚಿಂತೆ ಅಲ್ಲಿಲ್ಲ. ಲಿಟಲ್ ಇಂಡಿಯಾದಲ್ಲಿ ದೋಸೆಯೂ ಇದೆ, ಬಾಳೆಲೆ ಊಟವೂ ಇದೆ. ಹತ್ತಿರದಲ್ಲೇ 1833ರ ಮಾರಿಯಮ್ಮನ ಗುಡಿ. ನಿಮ್ಮತ್ತೆಯವರಿಗೆ ಅಷ್ಟು ಸಾಕು, ಅವರ ಜೊತೆ ಒಬ್ಬರು ನಿಲ್ಲಿ. ಮಕ್ಕಳಿಗೆ ಚೆಂಡೋಲ್ ಕೊಡಿಸಿ. ಕಾಯಿಹಾಲು, ತಾಳೆಬೆಲ್ಲ, ಅದರಲ್ಲಿ ಹಸಿರು ಅಕ್ಕಿಹಿಟ್ಟಿನ ಎಳೆಗಳು, ಮೇಲೆ ಪುಡಿ ಮಾಡಿದ ಐಸ್. ಸುಮ್ನೆ ಹೇಳುವುದಾದರೆ ನಮ್ಮ ಒತ್ತು ಶಾವಿಗೆ ಕಾಯಿಹಾಲು ಫ್ರಿಜ್ಜಿಗೆ ಹೋಗಿ ಬಂದ ಹಾಗೆ.

ಮಗನಿಗೆ ಇಷ್ಟರಲ್ಲಿ ಬೇಸರ ಬಂದಿರುತ್ತದೆ. ಅವನಿಗೆ ಎರಡು ದಾರಿ. ಒಂದು, ಪೆನಾಂಗ್ ಹಿಲ್. ಕಡಿದಾದ ಗುಡ್ಡಕ್ಕೆ ನೇರ ಏರುವ ಫ್ಯುನಿಕ್ಯುಲರ್ ರೈಲು ಇದೆ. ಬೆಟ್ಟದ ಎತ್ತರ ಸುಮಾರು 830 ಮೀಟರ್, ಬೆಂಗಳೂರೇ ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಅಂದರೆ ನೀವು ಅಷ್ಟು ದೂರ ಹೋಗಿ ನಿಮ್ಮ ಮನೆಗಿಂತ ತಗ್ಗಿನ ಬೆಟ್ಟ ಹತ್ತುತ್ತೀರಿ. ಆದರೂ ಆ ರೈಲಿನ ಮಜಾ ಬೇರೆ, ಮುಂದಿನ ಕಿಟಕಿ ಹಿಡಿಯಲು ಹೇಳಿ. ಎರಡನೆಯದು ತೆಲುಕ್ ಬಹಾಂಗ್‌ನ ಎಸ್ಕೇಪ್ ಪಾರ್ಕ್. ಅಲ್ಲಿ ಕಾಡಿನ ನಡುವೆ 1,111 ಮೀಟರ್ ಉದ್ದದ ನೀರಿನ ಜಾರುಬಂಡೆ ಇದೆ, 2019ರಲ್ಲಿ ಗಿನ್ನೆಸ್ ದಾಖಲೆ ಆದದ್ದು. ಒಂದು ಕಿಲೋಮೀಟರಿಗೂ ಜಾಸ್ತಿ ಜಾರುವುದು ಅಂದರೆ ಯಾವ ಹುಡುಗ ಬೇಡ ಅಂತಾನೆ? ಆದರೆ ಅದು ಊರಿಂದ ಮುಕ್ಕಾಲು ಗಂಟೆ ದೂರ. ನಿಮ್ಮ ಹಡಗು ಬೆಳಿಗ್ಗೆಯೇ ಬಂದರೆ ಮಾತ್ರ ಆ ಯೋಚನೆ. ಮಧ್ಯಾಹ್ನ ಬರುವ ಹಡಗಾದರೆ ಬೆಟ್ಟ ಸಾಕು. ಎರಡೂ ಮಾಡುತ್ತೇವೆ ಅಂತ ಹೊರಟರೆ ಇಡೀ ದಿನ ಟ್ಯಾಕ್ಸಿಯಲ್ಲೇ ಹೋಗುತ್ತದೆ.

ಪೆನಾಂಗ್ ಸ್ವಂತಕ್ಕೆ ಸುತ್ತಿ, ಫುಕೆಟ್‌ಗೆ ಹಡಗಿನವರ ಟೂರೇ ತೆಗೆದುಕೊಳ್ಳಿ. ದುಬಾರಿ, ಹೌದು. ಕೆಲವು ಹಡಗು ಅಲ್ಲಿ ಕೊಲ್ಲಿಯಲ್ಲಿ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ದಡಕ್ಕೆ ಕಳಿಸುತ್ತವೆ, ಅದಕ್ಕೇ ಹೊತ್ತು ಹಿಡಿಯುತ್ತದೆ, ಆಮೇಲೆ ಫಾಂಗ್ ನಾ ದೋಣಿ ಹತ್ತುವ ಜಾಗಕ್ಕೆ ಒಂದು ಗಂಟೆ ರಸ್ತೆ. ವಾಪಸ್ ಬರುವಾಗ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಹಡಗಿನವರು ತಮ್ಮ ಟೂರಿನ ಬಸ್ಸಿಗೆ ಕಾಯುತ್ತಾರೆ, ನಿಮ್ಮ ಟ್ಯಾಕ್ಸಿಗೆ ಕಾಯುವುದಿಲ್ಲ. ಸಿಲ್ಕ್ ಬೋರ್ಡ್ ದಾಟಿ ಫ್ಲೈಟ್ ಹಿಡಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ಇನ್ನೊಂದು, ಇದು ನಿಜಕ್ಕೂ ಮುಖ್ಯ. ಸಿಂಗಾಪುರ, ಮಲೇಷ್ಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಥಾಯ್ಲೆಂಡಿನದು ಒಂದೂವರೆ ಗಂಟೆ ಮಾತ್ರ. ಹಡಗು ಸಿಂಗಾಪುರದ ಸಮಯವನ್ನೇ ಇಟ್ಟುಕೊಂಡಿದ್ದರೆ, ಫುಕೆಟ್ ದಡದಲ್ಲಿ ಫೋನುಗಳು ತಾವಾಗಿಯೇ ಒಂದು ಗಂಟೆ ಹಿಂದೆ ಹೋಗಿರುತ್ತವೆ. ಐದಕ್ಕೆ ಹಡಗು ಹತ್ತಬೇಕು ಅಂದಾಗ ಮಗ ಫೋನ್ ನೋಡಿ "ಇನ್ನೂ ನಾಲ್ಕೂವರೆ" ಅಂದರೆ ಹಡಗಿನಲ್ಲಿ ಐದೂವರೆ ಆಗಿದೆ ಅಂತ ಅರ್ಥ. ಒಂದು ಮಾಮೂಲಿ ಕೈಗಡಿಯಾರ ಕೊಡಿ, ಹಡಗಿನ ಸಮಯಕ್ಕೆ ಇಡಿ, ವಾಪಸ್ ಕರೆತರುವ ಜವಾಬ್ದಾರಿ ಅವನದೇ ಅನ್ನಿ.

ಕೊನೆಗೆ ಆ ಪಟ್ಟಿ. "ನಿಮಗೇನು ಬೇಕು" ಅಂತ ಕೇಳಿದರೆ ಈ ವಯಸ್ಸಿನವರು ಯಾವತ್ತೂ ಉತ್ತರ ಕೊಡುವುದಿಲ್ಲ. ನೀವೇ ಸೋಸಿ ಎರಡೋ ಮೂರೋ ಉಳಿಸಿ, ಬೆಲೆ ಸಮೇತ ಮುಂದಿಡಿ, ಇಬ್ಬರೂ ಸೇರಿ ಒಂದು ಆರಿಸಲಿ. ವಯಸ್ಸು, ತೂಕದ ಮಿತಿ ಇದ್ದರೆ ಮೊದಲೇ ನೋಡಿ. ಅಣ್ಣನಿಗೆ ಬಿಟ್ಟು ತಂಗಿಗೆ ಬಿಡದಿದ್ದರೆ ದಡದಲ್ಲೇ ಕುರುಕ್ಷೇತ್ರ.

ಪ್ರಶ್ನೆ: ಮಗಳಿಗೆ (15) ಚಾರ್ಮಾಡಿ ಘಾಟಿಯಲ್ಲೇ ವಾಂತಿ. ಹಡಗಿಗೆ ಕರೆದುಕೊಂಡು ಹೋಗಬಹುದಾ?
– ವಿಜಯನಗರ

ಉತ್ತರ: ಹೋಗಬಹುದು. ದೊಡ್ಡ ಹಡಗು ಘಾಟಿಯ ಬಸ್ಸಿನಷ್ಟು ಕುಲುಕುವುದಿಲ್ಲ. ಹಡಗಿನ ಮಧ್ಯಭಾಗದ, ಕೆಳಗಿನ ಮಹಡಿಯ ಕ್ಯಾಬಿನ್ ಕೇಳಿ, ಅಲ್ಲಿ ಅಲುಗಾಟ ಕಡಿಮೆ. ಕಷ್ಟ ಇರುವುದು ದಡದ ಸ್ಪೀಡ್‌ಬೋಟಿನಲ್ಲಿ. ನಿಮ್ಮ ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ, ದೋಣಿ ಹತ್ತುವ ಮೊದಲೇ ಕೊಡಬೇಕು, ವಾಂತಿ ಶುರುವಾದ ಮೇಲೆ ಕೊಟ್ಟು ಫಲವಿಲ್ಲ. ಫೋನ್ ನೋಡಬೇಡ, ದೂರದ ದಡ ನೋಡು ಅನ್ನಿ. ಕೇಳುತ್ತಾಳೋ ಬಿಡುತ್ತಾಳೋ.

ಪ್ರಶ್ನೆ: ಪಾಸ್‌ಪೋರ್ಟ್ ಇಲ್ಲ, ಬಜೆಟ್ಟೂ ಇಲ್ಲ. ಲಕ್ಷದ್ವೀಪದ ಹಡಗಿನಲ್ಲಿ ಹದಿನೇಳರ ಮಗನಿಗೆ ಬೋರ್ ಆಗುತ್ತದಾ?
– ಬನಶಂಕರಿ

ಉತ್ತರ: ನೀರು ಇಷ್ಟ ಇದ್ದರೆ ಆಗುವುದಿಲ್ಲ. ಲಕ್ಷದ್ವೀಪ ಪ್ರವಾಸೋದ್ಯಮದವರ ಸಮುದ್ರಂ ಪ್ಯಾಕೇಜ್ ಕೊಚ್ಚಿಯಿಂದ ಹೊರಡುತ್ತದೆ. ಕವರತ್ತಿ, ಕಲ್ಪೇನಿ, ಮಿನಿಕಾಯ್, ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಹಡಗು ದೂರದಲ್ಲೇ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು, ಹುಡುಗರಿಗೆ ಅದೇ ಒಂದು ಸಾಹಸ. ಹವಳದ ಲಗೂನಿನಲ್ಲಿ ಸ್ನಾರ್ಕೆಲಿಂಗ್, ಕಯಾಕ್ ಮಾಡಬಹುದು. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಹತ್ತಲಿ. ಪರ್ಮಿಟ್ ಇಲ್ಲದೆ ಹೋಗುವ ಹಾಗಿಲ್ಲ, ಮಳೆಗಾಲದಲ್ಲಿ ಪ್ಯಾಕೇಜ್ ಇರುವುದಿಲ್ಲ, ಆದ್ದರಿಂದ ಈ ವರ್ಷದ ದಿನಾಂಕಗಳನ್ನು ಅವರಲ್ಲೇ ಕೇಳಿಕೊಳ್ಳಿ. ಇಲ್ಲಿ ಮಾಲ್ ಇಲ್ಲ, ಜಾರುಬಂಡೆ ಇಲ್ಲ, ಹಡಗಿನಲ್ಲಿ ಇದ್ದಷ್ಟು ಹೊತ್ತು ನೆಟ್‌ವರ್ಕ್ ಅಂತೂ ನಂಬಬೇಡಿ. ಈ ಕೊನೆಯದನ್ನು ಮಗನಿಗೆ ಮನೆಯಲ್ಲೇ ಹೇಳಿಬಿಡಿ, ಕೊಚ್ಚಿ ಬಂದರಿನಲ್ಲಿ ಅಲ್ಲ.