ಅಟ್ಟದಲ್ಲಿ ಸಿಕ್ಕ ಹಳೆ ತರಕಾರಿ ಬೀಜ ಇನ್ನೂ ಹುಟ್ಟುತ್ತದಾ? ಬೇರೆಯವರ ಜೊತೆ ಬದಲಾಯಿಸಿಕೊಳ್ಳಬಹುದಾ?

ಅತ್ತೆಯವರ ಮನೆ ಅಟ್ಟದಲ್ಲಿ ಒಂದು ಡಬ್ಬಿ, ಅದರೊಳಗೆ ಪೇಪರ್ ಪೊಟ್ಟಣ ಕಟ್ಟಿಟ್ಟ ಬದನೆ, ಬೆಂಡೆ, ಹೀರೆ, ಈರುಳ್ಳಿ, ಅವರೆ ಬೀಜ. ಯಾವ ವರ್ಷದ್ದೋ ಗೊತ್ತಿಲ್ಲ. ಬೀಜ ಮೇಳಕ್ಕೆ ಒಯ್ದು ಬೇರೆ ಬೀಜ ತರಬಹುದಾ ಅನ್ನೋದು ನಿಮ್ಮ ಪ್ರಶ್ನೆ.

ಈ ಸಲ ಒಯ್ಯಬೇಡಿ. ಮೊದಲು ಮೊಳಕೆ ಬರುತ್ತದಾ ನೋಡಿ. ಬಂದರೆ ಒಂದು ಹಂಗಾಮು ಬೆಳೆಸಿ, ಆ ಗಿಡದಲ್ಲಿ ಬಲಿತ ಹೊಸ ಬೀಜ ಒಯ್ಯಿರಿ. ಇರುವ ಹಳೆ ಬೀಜವನ್ನೇ ಹಂಚಿಬಿಟ್ಟರೆ ತಗೊಂಡವರ ಮನೆಯಲ್ಲೂ ಹುಟ್ಟುವುದಿಲ್ಲ, ನಿಮ್ಮ ಕೈಯಲ್ಲೂ ಉಳಿಯುವುದಿಲ್ಲ. ಅತ್ತೆಯವರು ಇಷ್ಟು ವರ್ಷ ಕಾಪಾಡಿದ ತಳಿ ಅಲ್ಲಿಗೆ ಮುಗಿಯಿತು.

ಎಲ್ಲ ಬೀಜಕ್ಕೂ ಒಂದೇ ಆಯಸ್ಸಲ್ಲ. ಈರುಳ್ಳಿ ಬೀಜ ಎಲ್ಲಕ್ಕಿಂತ ಬೇಗ ಸಾಯುತ್ತದೆ, ಒಂದು ವರ್ಷ ದಾಟಿದರೆ ನಂಬಬೇಡಿ. ಬೆಂಡೆ, ಮೆಣಸಿನಕಾಯಿ ಎರಡು ವರ್ಷದ ಆಸುಪಾಸು. ಬೀನ್ಸ್, ಅಲಸಂದೆ, ಅವರೆ ಮೂರು ವರ್ಷ. ಬದನೆ, ಟೊಮೆಟೊ ನಾಲ್ಕು. ಸೌತೆ, ಕುಂಬಳ, ಹೀರೆಯಂಥ ಬಳ್ಳಿ ತರಕಾರಿಗಳದ್ದು ನಾಲ್ಕೈದು ವರ್ಷ. ಇದು ಚೆನ್ನಾಗಿ ಒಣಗಿಸಿ ತಂಪು ಜಾಗದಲ್ಲಿಟ್ಟ ಬೀಜದ ಲೆಕ್ಕ. ಬೀಜ ಕೆಡಿಸುವುದು ತೇವ ಮತ್ತು ಸೆಕೆ. ಬೀಜ ವಿಜ್ಞಾನದವರು ಒಂದು ಸರಳ ಲೆಕ್ಕ ಹೇಳುತ್ತಾರೆ: ಬೀಜದ ತೇವಾಂಶ ಶೇ. 1 ಇಳಿದರೆ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ, ಇಟ್ಟ ಜಾಗದ ಉಷ್ಣಾಂಶ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಹಾಗೆಯೇ. ಹಾಗಾಗಿ ಚಿತ್ರದುರ್ಗದ ಒಣ ಹವೆಯಲ್ಲಿಟ್ಟ ಪೊಟ್ಟಣಕ್ಕೂ ಉಡುಪಿಯ ಮಳೆಗಾಲ ಕಂಡ ಪೊಟ್ಟಣಕ್ಕೂ ಹೋಲಿಕೆಯೇ ಇಲ್ಲ. ಹಿಂದಿನವರು ಬೂದಿಯಲ್ಲಿ ಕಲಸಿ, ಒಣಗಿದ ಸೋರೆ ಬುರುಡೆಯಲ್ಲಿ ತುಂಬಿ, ಒಲೆ ಹೊಗೆ ತಾಗುವ ಅಟ್ಟದಲ್ಲಿ ಇಡುತ್ತಿದ್ದುದು ಇದಕ್ಕೇ. ಅಟ್ಟ ಬಿಸಿ ನಿಜ, ಆದರೆ ತೇವ ಇರಲಿಲ್ಲ, ಹುಳದ ಕಾಟವೂ ಕಮ್ಮಿ. ಗ್ಯಾಸ್ ಒಲೆ ಬಂದ ಮೇಲೆ ಹೊಗೆ ಹೋಯಿತು. ಈಗಿನ ಅಟ್ಟ ಬರೀ ಬಿಸಿ.

ಇನ್ನು ಮೊಳಕೆ ಪರೀಕ್ಷೆ. ಪೊಟ್ಟಣದಲ್ಲಿ ನೂರು ಬೀಜ ಇದ್ದರೆ 20 ತೆಗೆಯಿರಿ. ಕಮ್ಮಿ ಇದ್ದರೆ 10 ಸಾಕು. ತೆಗೆಯುವಾಗ ದಪ್ಪ ದಪ್ಪ ಬೀಜ ಆರಿಸಬೇಡಿ. ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ತೆಗೆಯಿರಿ, ಇಲ್ಲದಿದ್ದರೆ ನಿಮಗೆ ನೀವೇ ಸುಳ್ಳು ಹೇಳಿಕೊಂಡಂತೆ. ಅಡುಗೆಮನೆ ಟಿಶ್ಯೂ ಅಥವಾ ಹಳೆ ಪಂಚೆ ತುಂಡು ನೆನೆಸಿ, ಚೆನ್ನಾಗಿ ಹಿಂಡಿ. ಒತ್ತಿದರೆ ನೀರು ತೊಟ್ಟಿಕ್ಕಬಾರದು, ಮುಟ್ಟಿದರೆ ಒದ್ದೆ ಅನ್ನಿಸಬೇಕು, ಅಷ್ಟೇ. ಅದರ ಮೇಲೆ ಬೀಜಗಳನ್ನು ಒಂದಕ್ಕೊಂದು ತಾಗದಂತೆ ಸಾಲಾಗಿಟ್ಟು, ಚಾಪೆ ಸುತ್ತಿದ ಹಾಗೆ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ. ಬಾಯಿ ಪೂರ್ತಿ ಬಿಗಿಯಬೇಡಿ, ಬೀಜಕ್ಕೂ ಉಸಿರಾಡಲು ಗಾಳಿ ಬೇಕು. ಕವರಿನ ಮೇಲೆ ಬೀಜದ ಹೆಸರು, ತಾರೀಕು ಬರೆಯಿರಿ. ಬದನೆ ಬೀಜ, ಮೆಣಸಿನ ಬೀಜ ಸುರುಳಿಯೊಳಗೆ ಸೇರಿದರೆ ಯಾವುದು ಯಾವುದೋ ಗೊತ್ತಾಗುವುದಿಲ್ಲ.

ನಮ್ಮ ಕಡೆ ಮನೆಯೊಳಗಿನ 25ರಿಂದ 30 ಡಿಗ್ರಿಯೇ ಇದಕ್ಕೆ ಹದವಾದ ಉಷ್ಣಾಂಶ. ಚಳಿಗಾಲದಲ್ಲಿ ಮಾತ್ರ ಫ್ರಿಜ್ ಮೇಲೆ ಬೆಚ್ಚಗಿಡಿ. ದಿನಕ್ಕೊಮ್ಮೆ ಬಿಚ್ಚಿ ನೋಡಿ. ಅವರೆ, ಅಲಸಂದೆ, ಸೌತೆ ಒಂದು ವಾರದೊಳಗೆ ಹೇಳಿಬಿಡುತ್ತವೆ. ಬದನೆ, ಟೊಮೆಟೊ, ಮೆಣಸಿಗೆ ಎರಡು ವಾರ ಕೊಡಿ. ಬೆಂಡೆಯ ಸಿಪ್ಪೆ ಗಟ್ಟಿ, ಕೆಲವು ಬೀಜ ಮೂರು ವಾರದವರೆಗೂ ಎಳೆಯುತ್ತವೆ. ಬೆಂಡೆ, ಹಾಗಲವನ್ನು ರಾತ್ರಿ ನೆನೆಸಿಟ್ಟು ಆಮೇಲೆ ಸುತ್ತಿದರೆ ಒಳ್ಳೆಯದು.

ಬಿಚ್ಚಿದಾಗ ಬರೀ ಎಣಿಸಬೇಡಿ, ಬೇರು ನೋಡಿ. ಒಳ್ಳೆ ಬದನೆ ಬೀಜದಿಂದ ಬಂದ ಬೇರು ಬೆಳ್ಳಗೆ, ದಾರದಂತೆ ನೇರವಾಗಿ ಇರುತ್ತದೆ. ಸ್ವಲ್ಪ ಬೆಳೆದರೆ ಮೈಮೇಲೆ ಸಣ್ಣ ನೂಲಿನಂಥ ರೋಮ ಕಾಣುತ್ತದೆ. ಸುಮಾರು ಜನ ಅದನ್ನು ಬೂಷ್ಟು ಅಂದುಕೊಂಡು ಎಸೆಯುತ್ತಾರೆ. ಹಳೆ ಬೀಜದ್ದು ಬಾಯಿ ಒಡೆದು, ಮೊಂಡು ಬೇರು ತೋರಿಸಿ, ತುದಿ ಕಂದಾಗಿ ಅಲ್ಲೇ ನಿಂತುಬಿಡುತ್ತದೆ. ಅದನ್ನು ಹುಟ್ಟಿದ ಲೆಕ್ಕಕ್ಕೆ ಹಿಡಿಯಬೇಡಿ, ಮಣ್ಣಿಗೆ ಹಾಕಿದರೆ ಮೇಲೆ ಬರುವುದಿಲ್ಲ. ಒತ್ತಿದರೆ ಪಿಚಕ್ ಅಂತ ಕೀವಿನಂಥದ್ದು ಬಂದರೆ ಆ ಬೀಜ ಸತ್ತಿದೆ. ಗಟ್ಟಿಯಾಗಿಯೇ ಉಳಿದಿದ್ದರೆ ಇನ್ನಷ್ಟು ದಿನ ಕಾಯಿರಿ.

ನೀರಿನಲ್ಲಿ ಹಾಕಿ ನೋಡಿ, ಮುಳುಗಿದ್ದು ಒಳ್ಳೆಯದು, ತೇಲಿದ್ದು ಜೊಳ್ಳು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಭತ್ತಕ್ಕೆ ಅದು ಸರಿ. ತರಕಾರಿ ಬೀಜಕ್ಕೆ ನಾನು ನಂಬುವುದಿಲ್ಲ. ಹೀರೆ, ಸೋರೆ ಬೀಜದ ಸಿಪ್ಪೆಯೊಳಗೆ ಗಾಳಿ ಇರುತ್ತದೆ, ಒಳ್ಳೆಯ ಬೀಜವೂ ತೇಲುತ್ತದೆ. ಸತ್ತ ಅವರೆ ಕಾಳು ಮಾತ್ರ ಠೀವಿಯಿಂದ ಮುಳುಗುತ್ತದೆ.

ಈಗ ಲೆಕ್ಕ. 20ರಲ್ಲಿ 14 ಹುಟ್ಟಿದರೆ ಶೇ. 70. ನಮ್ಮ ದೇಶದಲ್ಲಿ ಪ್ರಮಾಣಿತ (ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟ) ಬೀಜಕ್ಕೆ ಇರಬೇಕಾದ ಕನಿಷ್ಠ ಮೊಳಕೆ ಬದನೆ, ಟೊಮೆಟೊಗೆ ಶೇ. 70, ಬೆಂಡೆಗೆ 65, ಮೆಣಸಿಗೆ 60. ಅಂಗಡಿ ಬೀಜವೇ ಅಷ್ಟು ಅಂದ ಮೇಲೆ ನಿಮ್ಮದು 70 ಬಂದರೆ ಕಣ್ಣು ಮುಚ್ಚಿಕೊಂಡು ಬಿತ್ತಿ. ಶೇ. 40–50 ಬಂದರೆ ಗುಣಿಗೆ ಎರಡು ಮೂರು ಬೀಜ ಹಾಕಿ. ಶೇ. 20ಕ್ಕಿಂತ ಕಮ್ಮಿ ಬಂದರೆ ಉಳಿದ ಬೀಜವನ್ನು ನೆಲಕ್ಕೆ ಹಾಕಲೇಬೇಡಿ. ಎಲ್ಲವನ್ನೂ ಇದೇ ಥರ ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಹುಟ್ಟಿದ್ದನ್ನು ಮಾತ್ರ ಒಂದೊಂದಾಗಿ ಟ್ರೇಗೆ ನಾಟಿ ಮಾಡಿ. ಪರೀಕ್ಷೆಗೆ ತೆಗೆದ ಬೀಜದಲ್ಲಿ ಮೊಳೆತದ್ದನ್ನೂ ಎಸೆಯಬೇಡಿ, ಅಪರೂಪದ ತಳಿ ಆಗಿದ್ದರೆ ಆ ನಾಲ್ಕು ಸಸಿಯೇ ನಿಮ್ಮ ಆಸ್ತಿ.

ಇದಕ್ಕೆ ಉಲ್ಟಾ ಇನ್ನೊಂದು ಉಂಟು. ಮೊನ್ನೆ ತಾನೇ ತೆಗೆದ ಬದನೆ ಬೀಜವೋ ಹರಿವೆ ಬೀಜವೋ ಹುಟ್ಟದಿದ್ದರೆ ಗಾಬರಿ ಬೇಡ. ಹೊಸ ಬೀಜಕ್ಕೆ ಕೆಲವು ವಾರ ನಿದ್ದೆ ಇರುತ್ತದೆ. ಆಮೇಲೆ ಮತ್ತೆ ನೋಡಿ.

ಬೆಳೆಸಿದ ಮೇಲೆ ಬೀಜಕ್ಕೆ ಬಿಡುವ ವಿಷಯ. ಅವರೆ, ಬೀನ್ಸ್, ಟೊಮೆಟೊ ತಮ್ಮ ಹೂವಿನಲ್ಲೇ ಹೆಚ್ಚಾಗಿ ಪರಾಗಸ್ಪರ್ಶ ಮಾಡಿಕೊಳ್ಳುತ್ತವೆ, ತಲೆಬಿಸಿ ಕಮ್ಮಿ. ಬದನೆ, ಬೆಂಡೆ, ಮೆಣಸಿನಲ್ಲಿ ಜೇನ್ನೊಣ ಅಷ್ಟಿಷ್ಟು ಬೆರೆಸುತ್ತದೆ. ಪಕ್ಕದಲ್ಲಿ ಬೇರೆ ಬದನೆ ಇದ್ದರೆ ಒಂದು ಹೂವಿನ ಗೊಂಚಲಿಗೆ ಸೊಳ್ಳೆ ಪರದೆ ಬಟ್ಟೆಯ ಚೀಲ ಕಟ್ಟಿ. ಬಳ್ಳಿ ತರಕಾರಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ಪೂರ್ತಿ ಕೀಟಗಳ ಕೆಲಸವೇ. ಕುಂಬಳ, ಸೌತೆ ಹೂ ಬೆಳಿಗ್ಗೆ ಅರಳುತ್ತವೆ. ಹೀರೆ, ಸೋರೆ ಅರಳುವುದು ಸಂಜೆ. ನಿಮ್ಮ ಹೀರೆಗೆ ಮಧ್ಯಾಹ್ನವೇ ಮೊಗ್ಗಿನ ಬಾಯಿಗೆ ದಾರ ಕಟ್ಟಿ, ಸಂಜೆ ಬಿಚ್ಚಿ, ಗಂಡು ಹೂವನ್ನು ಹೆಣ್ಣು ಹೂವಿಗೆ ಮೆಲ್ಲಗೆ ಒರೆಸಿ, ಮತ್ತೆ ಕಟ್ಟಿ. ಆ ಕಾಯಿಗೆ ಬಣ್ಣದ ದಾರ ಹಾಕಿ, ಇಲ್ಲದಿದ್ದರೆ ಯಾರಾದರೂ ಚಟ್ನಿಗೆ ಕುಯ್ದುಬಿಡುತ್ತಾರೆ. ಒಣಗಿ ಅಲ್ಲಾಡಿಸಿದರೆ ಗಲಗಲ ಅನ್ನುವವರೆಗೆ ಬಳ್ಳಿಯಲ್ಲೇ ಬಿಡಿ. ಸೋರೆ, ಸೌತೆ ಕಾಯಿ ಕಹಿ ಬಂದರೆ ಮಾತ್ರ ತಿನ್ನಲೂಬೇಡಿ, ಬೀಜಕ್ಕೂ ಬಿಡಬೇಡಿ. ಕಹಿ ಸೋರೆ ಆಸ್ಪತ್ರೆ ಸೇರುವಷ್ಟು ವಿಷ ಆಗಬಹುದು.

ಡಬ್ಬಿಯಲ್ಲಿ ಅಂಗಡಿಯ ಹೈಬ್ರಿಡ್ ಪ್ಯಾಕೆಟ್ ಏನಾದರೂ ಇದ್ದರೆ ಅದನ್ನು ಬದಲಾಯಿಸುವ ಲೆಕ್ಕದಿಂದ ಬಿಡಿ. ಅದರ ಬೀಜ ಹಿಡಿದರೆ ಮುಂದಿನ ಪೀಳಿಗೆಯಲ್ಲಿ ಒಂದೊಂದು ಗಿಡ ಒಂದೊಂದು ಥರ. ಗುಲಾಬಿ, ಹಸಿರು ಬಣ್ಣ ಬಳಿದ ಬೀಜಕ್ಕೆ ಔಷಧಿ ಹಚ್ಚಿರುತ್ತಾರೆ, ಮುಟ್ಟಿದ ಕೈ ತೊಳೆದುಕೊಳ್ಳಿ.

ಹೊಸ ಬೀಜ ಬಂದ ಮೇಲೆ ಧಾರಾಳವಾಗಿ ಹಂಚಿ. ಕರ್ನಾಟಕದಲ್ಲಿ ಸಹಜ ಸಮೃದ್ಧ ಸಂಸ್ಥೆಯವರು ಬೀಜ ಮೇಳಗಳನ್ನು ನಡೆಸುತ್ತಾರೆ, ಶಿರಸಿಯ ವನಸ್ತ್ರೀ ಬಳಗದ ಮಹಿಳೆಯರು ಮಲೆನಾಡಿನ ಕೈತೋಟದ ಬೀಜಗಳನ್ನು ಉಳಿಸುತ್ತಿದ್ದಾರೆ. ರೈತರು ತಾವು ಬೆಳೆದ ಬೀಜ ಹಂಚಿಕೊಳ್ಳಲು, ಬದಲಾಯಿಸಿಕೊಳ್ಳಲು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯಲ್ಲೇ ಅವಕಾಶ ಇದೆ. ಪೊಟ್ಟಣದ ಮೇಲೆ ತಳಿಯ ಹೆಸರು, ಯಾವ ಊರಿನದು, ಬೀಜ ತೆಗೆದ ತಿಂಗಳು–ವರ್ಷ, ಮೊಳಕೆ ಎಷ್ಟಕ್ಕೆ ಎಷ್ಟು ಬಂತು, ಯಾವ ತಿಂಗಳಲ್ಲಿ ಬಿತ್ತಬೇಕು, ಇಷ್ಟೂ ಬರೆಯಿರಿ. ಬೇರೆಯವರಿಂದ ತಗೊಳ್ಳುವಾಗಲೂ ಇದನ್ನೇ ಕೇಳಿ. ಕೊಟ್ಟವರಿಗೆ ಉತ್ತರ ಗೊತ್ತಿಲ್ಲದಿದ್ದರೆ ತಗೊಂಡು ಬಂದು ನೀವೇ ಪರೀಕ್ಷೆ ಮಾಡಿ. ಸುಮ್ನೆ ಮಡಿ ತುಂಬಾ ಚೆಲ್ಲಿ ಹದಿನೈದು ದಿನ ಬರೀ ಮಣ್ಣು ನೋಡುತ್ತಾ ಕೂರುವುದು ಯಾಕೆ, ಅಲ್ವಾ?

ಕೊನೆಗೆ ನಿಮ್ಮ ಅವರೆ ಬಗ್ಗೆ. ಮೊಳಕೆ ಪರೀಕ್ಷೆ ಈಗಲೇ ಮಾಡಿ, ಆದರೆ ಬಂತು ಅಂತ ಖುಷಿಯಲ್ಲಿ ಈಗಲೇ ಬಿತ್ತಬೇಡಿ. ಹಳೆ ನಾಟಿ ಅವರೆ ಹಗಲು ಚಿಕ್ಕದಾಗದೆ ಹೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಹಾಕಿದರೆ ಚಪ್ಪರ ತುಂಬಾ ಬಳ್ಳಿ, ಒಂದು ಕಾಯಿ ಇಲ್ಲ. ಜುಲೈ–ಆಗಸ್ಟ್‌ನಲ್ಲಿ ಹಾಕಿ. ಅಲ್ಲಿಯವರೆಗೆ ಕಾಳನ್ನು ಒಣಗಿಸಿ, ಗಾಜಿನ ಬಾಟಲಿಯಲ್ಲಿ ಬಿಗಿ ಮುಚ್ಚಿ ಫ್ರಿಜ್‌ನಲ್ಲಿಡಿ. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ, ಬಾಟಲಿಯ ತಂಪು ಹೋಗುವವರೆಗೆ ಹಾಗೇ ಬಿಡಿ. ಇಲ್ಲದಿದ್ದರೆ ಒಳಗೆ ಬೆವರಿ ಕಾಳೆಲ್ಲ ಒದ್ದೆಯಾಗುತ್ತದೆ.