ಡಿಕ್ಕಿ ತೆರೆಯುತ್ತಿಲ್ವಾ? ಸಲಾಕೆ ಬೇಡ, ಹಿಂದಿನ ಸೀಟು ಬಿಚ್ಚಿ

ಪ್ರಶ್ನೆ: ನಮ್ಮ ಮನೆಯಲ್ಲಿ 2002ರ ಮಾರುತಿ ಎಸ್ಟೀಮ್ ಇದೆ. ಅಪ್ಪ ತಗೊಂಡ ಕಾರು, ಮಾರೋಕೆ ಮನಸ್ಸಿಲ್ಲ. ಈ ಮಳೆಗಾಲ ಪೂರ್ತಿ ಶೆಡ್ಡಿನಲ್ಲೇ ನಿಂತಿತ್ತು. ಈಗ ಡಿಕ್ಕಿ ತೆರೆಯುತ್ತಿಲ್ಲ. ಕೀ ಒಳಗೆ ಹೋಗುತ್ತದೆ, ಆದರೆ ತಿರುಗುವುದಿಲ್ಲ. ಡ್ರೈವರ್ ಸೀಟಿನ ಪಕ್ಕದ ಲಿವರ್ ಎಳೆದರೆ ಸಡಿಲವಾಗಿ ಮೇಲೆ ಬರುತ್ತದೆ, ಏನೂ ಆಗುವುದಿಲ್ಲ. ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ನೋಡಿದ್ದೂ ಆಯ್ತು. ಸ್ಟೆಪ್ನಿ, ಜಾಕ್ ಎಲ್ಲ ಒಳಗೇ ಇವೆ. ಹಿಂದಿನ ಸೀಟು ಮಡಚುವಂಥದ್ದಲ್ಲ. ಗ್ಯಾರೇಜಿನವರು ಸಲಾಕೆ ಹಾಕಿ ಎಬ್ಬಿಸ್ತೀವಿ ಅಂತಿದ್ದಾರೆ. ಒಪ್ಪಿಕೊಳ್ಳಲಾ?
— ಸಾಗರದ ಓದುಗರು

ಉತ್ತರ: ದಯವಿಟ್ಟು ಒಪ್ಪಿಕೊಳ್ಳಬೇಡಿ. ಸಲಾಕೆ ಹಾಕಿದರೆ ಡಿಕ್ಕಿ ತೆರೆಯುತ್ತದೆ, ನಿಜ. ಆದರೆ ಮುಚ್ಚಳದ ಅಂಚು ಒಮ್ಮೆ ಬಗ್ಗಿದರೆ ಮತ್ತೆ ಮೊದಲಿನ ಹಾಗೆ ಕೂರುವುದು ಕಷ್ಟ. ರಬ್ಬರ್ ಬೀಡಿಂಗಿಗೂ ಮುಚ್ಚಳಕ್ಕೂ ನಡುವೆ ಸಂದು ಉಳಿಯುತ್ತದೆ. ನಿಮ್ಮ ಕಡೆಯ ಮಳೆಗೆ ಅಷ್ಟು ಸಂದು ಸಾಕು, ಮುಂದಿನ ವರ್ಷದೊಳಗೆ ಸ್ಟೆಪ್ನಿ ಕೂರುವ ಗುಂಡಿಯಲ್ಲಿ ನೀರು ನಿಂತು ತಳ ತುಕ್ಕು ಹಿಡಿಯುತ್ತದೆ. ಆಮೇಲೆ ಟಿಂಕರಿಂಗ್, ಪೇಂಟಿಂಗ್. ಒಂದು ಬೀಗ, ಒಂದು ಕೇಬಲ್ಲಿಗೆ ಆಗುವ ಖರ್ಚು ಅದರ ಮುಂದೆ ಏನೂ ಅಲ್ಲ.

ನಿಮ್ಮ ಪತ್ರದಲ್ಲಿ ನನಗೆ ಬೇಕಾದ ಸುಳಿವು ಎರಡೂ ಇವೆ. ಕೀ ತಿರುಗುತ್ತಿಲ್ಲ ಅಂದರೆ ಬೀಗದ ಒಳಗಿನ ಸಿಲಿಂಡರ್ ಹಿಡಿದುಕೊಂಡಿದೆ. ಲಿವರ್ ಸಡಿಲವಾಗಿ ಬರುತ್ತಿದೆ ಅಂದರೆ ಕೇಬಲ್ ತುಂಡಾಗಿದೆ, ಇಲ್ಲವೇ ಯಾವುದೋ ಒಂದು ತುದಿಯಲ್ಲಿ ಕಳಚಿಕೊಂಡಿದೆ. ಇವೆರಡೂ ಬೇರೆ ಬೇರೆ ರೋಗ. ಲಿವರಿನಿಂದಲೇ ಕೆಲಸ ನಡೆಯುತ್ತಿತ್ತು ಅಂತ ಕೀ ಹಾಕುವುದನ್ನೇ ಬಿಟ್ಟಿರುತ್ತೀರಿ, ಬೀಗ ಹಿಡಿದುಕೊಂಡು ಎಷ್ಟೋ ಕಾಲ ಆಗಿರುತ್ತದೆ, ಕೇಬಲ್ ಕೈಕೊಟ್ಟ ದಿನ ಅದು ಗೊತ್ತಾಗುತ್ತದೆ. ಹಳೆ ಕಾರುಗಳಲ್ಲಿ ಇದು ತುಂಬಾ ಸಾಮಾನ್ಯ. ಲಿವರ್ ಬಿಗಿಯಾಗಿದ್ದು ಮೇಲೇ ಬರದಿದ್ದರೆ ಕೊಂಡಿ (ಮುಚ್ಚಳವನ್ನು ಕಚ್ಚಿ ಹಿಡಿಯುವ ಭಾಗ) ಅಥವಾ ಕೇಬಲ್ ತುಕ್ಕು ಹಿಡಿದಿದೆ ಅಂತ ಅರ್ಥ. ಲಿವರ್ ಎಳೆದಾಗ ಹಿಂದೆ 'ಟಕ್' ಅಂತ ಸದ್ದು ಬಂದೂ ಮುಚ್ಚಳ ಏಳದಿದ್ದರೆ ಬೀಡಿಂಗ್ ಅಂಟಿಕೊಂಡಿರುತ್ತದೆ, ಅಥವಾ ಒಳಗಿನ ಸಾಮಾನು ಮುಚ್ಚಳವನ್ನು ಒತ್ತುತ್ತಿರುತ್ತದೆ. ಹಾಗಿದ್ದಾಗ ಇಬ್ಬರು ಬೇಕು: ಒಬ್ಬರು ಲಿವರ್ ಎಳೆದು ಹಿಡಿಯಬೇಕು, ಇನ್ನೊಬ್ಬರು ಬೀಗದ ಮೇಲ್ಭಾಗದಲ್ಲಿ ಅಂಗೈಯಿಂದ ಕೆಳಕ್ಕೆ ಒತ್ತಿ ಒತ್ತಿ ಬಿಡಬೇಕು. ಕೊಂಡಿಯ ಮೇಲಿನ ಭಾರ ಒಂದು ಕ್ಷಣ ಕಡಿಮೆಯಾದರೂ ಸಾಕು, ಬಿಟ್ಟುಕೊಳ್ಳುತ್ತದೆ.

ಕೊಬ್ಬರಿ ಎಣ್ಣೆಯ ವಿಷಯ ಹೇಳಲೇಬೇಕು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಸಾಗರದ ಬೆಳಗಿನ ಚಳಿಯಲ್ಲಿ ನಿಮ್ಮ ಮನೆಯ ಎಣ್ಣೆ ಬಾಟಲಿ ಹೇಗಿರುತ್ತದೋ ಬೀಗದ ಒಳಗೂ ಹಾಗೇ ಇರುತ್ತದೆ ಅಲ್ವಾ? ಸಿಲಿಂಡರ್ ಒಳಗೆ ಕೀಯ ಹಲ್ಲಿಗೆ ತಕ್ಕ ಹಾಗೆ ಮೇಲೆ ಕೆಳಗೆ ಆಡುವ ಪುಟ್ಟ ತಗಡುಗಳಿರುತ್ತವೆ, ಅವಕ್ಕೆ ಚಿಕ್ಕ ಸ್ಪ್ರಿಂಗು. ಅವು ಪೂರ್ತಿ ಆಡದಿದ್ದರೆ ಕೀ ತಿರುಗುವುದಿಲ್ಲ. ಎಣ್ಣೆ ಯಾವುದೇ ಆಗಲಿ, ಧೂಳು ಹಿಡಿದುಕೊಂಡು ಕೊನೆಗೆ ಅಂಟಾಗುತ್ತದೆ. ಈಗ ಡಬ್ಲ್ಯೂಡಿ-40 ಥರದ ಸ್ಪ್ರೇ ತಂದು, ಅದರ ಸಣ್ಣ ಕೊಳವೆಯನ್ನು ಕೀ ಹಾಕುವ ಸೀಳಿಗೆ ಹಿಡಿದು ಹೊಡೆಯಿರಿ. ಕಾಲು ಗಂಟೆ ಬಿಡಿ. ಕೀಯನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡಿ, ಪ್ರತಿ ಸಲ ಕೀ ಒರೆಸಿ. ಕಪ್ಪು ಕೊಳೆ ಬರುತ್ತಾ ಹೋಗುತ್ತದೆ. ಮನೆಯಲ್ಲಿ ಹೆಚ್ಚು ಬಳಸದ ಇನ್ನೊಂದು ಕೀ ಇದ್ದರೆ ಅದನ್ನೇ ಹಾಕಿ, ದಿನಾ ಬಳಸುವ ಕೀಯ ಹಲ್ಲು ಸವೆದಿರುತ್ತದೆ. ಕೈಬೆರಳಿನ ಬಲಕ್ಕೆ ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಕಟಿಂಗ್ ಪ್ಲೇಯರಿನಲ್ಲಿ ಹಿಡಿದು ತಿರುಗಿಸಿದರೆ ಕೀ ಮುರಿಯುತ್ತದೆ.

ಬೀಗ ಕೇಳಲಿಲ್ಲ ಅಂದುಕೊಳ್ಳಿ, ಆಗ ಕೇಬಲ್ ನೋಡಿ. ಸೈಕಲ್ಲಿನ ಬ್ರೇಕ್ ವೈರ್ ಇರುತ್ತದಲ್ಲ, ಇದೂ ಅದೇ ಥರ, ಹೊರಗೊಂದು ಕವಚ, ಒಳಗೆ ಎಳೆಯುವ ತಂತಿ, ತುದಿಯಲ್ಲಿ ಒಂದು ಲೋಹದ ಗುಂಡು. ಲಿವರ್ ಪಕ್ಕದಲ್ಲಿ ಬಾಗಿಲ ಬುಡಕ್ಕೆ ಹಾಕಿರುವ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಕಾರ್ಪೆಟ್ ಎತ್ತಿ, ಟಾರ್ಚ್ ಬಿಟ್ಟು ನೋಡಿ. ಗುಂಡು ಲಿವರಿನ ಗೂಡಿನಿಂದ ಜಾರಿ ಪಕ್ಕಕ್ಕೆ ಬಿದ್ದಿದ್ದರೆ ನಿಮ್ಮ ಅದೃಷ್ಟ. ಅಲ್ಲಿಯೇ ತಂತಿಯನ್ನು ಪ್ಲೇಯರಿನಿಂದ ಹಿಡಿದು ಮೆಲ್ಲಗೆ ಎಳೆಯಿರಿ, ಆಗಲೂ ಇನ್ನೊಬ್ಬರು ಹಿಂದೆ ಮುಚ್ಚಳ ಒತ್ತುತ್ತಿರಲಿ. ಅರ್ಧಕ್ಕರ್ಧ ಡಿಕ್ಕಿಗಳು ಇಷ್ಟಕ್ಕೇ ತೆರೆದುಕೊಳ್ಳುತ್ತವೆ ಅನ್ನುವುದು ನನ್ನ ಅನಿಸಿಕೆ. ತಂತಿ ಪ್ರತಿರೋಧವೇ ಇಲ್ಲದೆ ಕೈಗೆ ಬಂದುಬಿಟ್ಟರೆ ಹಿಂದೆ ಎಲ್ಲೋ ತುಂಡಾಗಿದೆ.

ಆಗ ಉಳಿಯುವ ದಾರಿ ಹಿಂದಿನ ಸೀಟು. ಮಡಚದ ಸೀಟು ಅಂದ ಮಾತ್ರಕ್ಕೆ ಬಿಚ್ಚೋಕೆ ಬರುವುದಿಲ್ಲ ಅಂತಲ್ಲ. ಹಳೆ ಸೆಡಾನ್‌ಗಳಲ್ಲಿ ಸಾಮಾನ್ಯವಾಗಿ ಕೂರುವ ಭಾಗ ಮುಂದಿನ ಅಂಚಿನಲ್ಲಿ ಕ್ಲಿಪ್ಪಿಗೋ ಬೋಲ್ಟಿಗೋ ಸಿಕ್ಕಿರುತ್ತದೆ. ಅದನ್ನು ಎತ್ತಿ ಹೊರಗಿಟ್ಟರೆ ಬೆನ್ನಿನ ಭಾಗದ ಬುಡದಲ್ಲಿ ಬೋಲ್ಟ್ ಕಾಣುತ್ತವೆ. ಅವನ್ನು ಬಿಚ್ಚಿ ಬೆನ್ನನ್ನು ಮೇಲಕ್ಕೆ ಎತ್ತಿದರೆ ಮೇಲಿನ ಕೊಕ್ಕೆಗಳಿಂದ ಕಳಚಿ ಬರುತ್ತದೆ. ಸೀಟ್ ಬೆಲ್ಟಿನ ಬೋಲ್ಟ್ ಯಾವುದು, ಸೀಟಿನದು ಯಾವುದು ಅಂತ ನೋಡಿಕೊಂಡು ಕೈ ಹಾಕಿ. ಹಿಂದೆ ರಟ್ಟಿನ ಹಾಳೆ ಇರಬಹುದು, ತೂತುಗಳಿರುವ ತಗಡೂ ಇರಬಹುದು. ಕೈ ಹೋಗುವಷ್ಟು ಜಾಗವಂತೂ ಸಿಗುತ್ತದೆ, ಕೆಲವು ಕಾರುಗಳಲ್ಲಿ ತೆಳ್ಳಗಿನವರು ಭುಜದವರೆಗೆ ತೂರಬಹುದು.

ಒಳಗೆ ಟಾರ್ಚ್ ಬಿಟ್ಟು ಕೊಂಡಿ ಹುಡುಕಿ. ಮುಚ್ಚಳದ ಮಧ್ಯದಲ್ಲಿರುತ್ತದೆ, ಇಲ್ಲವೇ ಅದರ ಕೆಳಗೆ ಬಾಡಿಯಲ್ಲಿ. ದಪ್ಪ ಕಂಬಿಯೊಂದನ್ನು ಉಗುರಿನ ಆಕಾರದ ಕಬ್ಬಿಣ ಕಚ್ಚಿ ಹಿಡಿದಿರುವುದು ಕಾಣುತ್ತದೆ. ಆ ಉಗುರಿನ ಪಕ್ಕದಲ್ಲೇ ಕೇಬಲ್ ಬಂದು ಸೇರುವ ಪುಟ್ಟ ಕೈ ಇದೆ. ಕೇಬಲ್ ಯಾವ ಕಡೆಗೆ ಎಳೆಯುತ್ತಿತ್ತೋ ಅದೇ ಕಡೆಗೆ ಉದ್ದ ಸ್ಕ್ರೂಡ್ರೈವರಿನಿಂದ ಅದನ್ನು ತಳ್ಳಿ. ತುಕ್ಕು ಕಂಡರೆ ಮೊದಲು ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಕಾಯಿರಿ.

ಮಕ್ಕಳು ಚಿಕ್ಕವರು, ಸುಲಭವಾಗಿ ತೂರುತ್ತಾರೆ ಅಂತ ಒಳಗೆ ಕಳಿಸಬೇಡಿ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ ನಂತರ ತಯಾರಾದ ಕಾರುಗಳ ಡಿಕ್ಕಿ ಒಳಗೆ, ಸಿಕ್ಕಿಹಾಕಿಕೊಂಡವರು ಎಳೆದು ಹೊರಬರಲು ಕತ್ತಲಲ್ಲಿ ಹೊಳೆಯುವ ಹಿಡಿ ಇರಬೇಕೆಂಬ ನಿಯಮ ಬಂತು, ಮಕ್ಕಳು ಒಳಗೆ ಸಿಕ್ಕಿ ಸತ್ತ ಮೇಲೆ ಬಂದ ನಿಯಮ ಅದು. ನಮ್ಮ ಹಳೆ ಕಾರುಗಳಲ್ಲಿ ಅಂಥದ್ದೇನೂ ಇಲ್ಲ.

ಡಿಕ್ಕಿ ತೆರೆಯಿತಾ? ಖುಷಿಯಲ್ಲಿ ಮತ್ತೆ ಮುಚ್ಚಿಬಿಡಬೇಡಿ! ಮುಚ್ಚಳ ಮೇಲಿದ್ದಾಗಲೇ ಸ್ಕ್ರೂಡ್ರೈವರಿನಿಂದ ಕೊಂಡಿಯ ಉಗುರನ್ನು ಒತ್ತಿ ಲಾಕ್ ಮಾಡಿ, ಆಮೇಲೆ ಕೀಯಿಂದ ಬಿಡಿಸಿ, ಲಿವರಿನಿಂದಲೂ ಬಿಡಿಸಿ ನೋಡಿ. ಎರಡೂ ಕಡೆಯಿಂದ ಹಲವು ಸಲ ಸರಿಯಾಗಿ ಬಿಟ್ಟುಕೊಂಡ ಮೇಲೆಯೇ ಮುಚ್ಚುವ ಮಾತು. ಕೊಂಡಿಯನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ಬ್ರಷ್ ಹಾಕಿ ತೊಳೆದು ಒಣಗಿಸಿ ತೆಳ್ಳಗೆ ಗ್ರೀಸ್ ಹಚ್ಚಿ. ಬೀಗದ ಸಿಲಿಂಡರಿಗೆ ಗ್ರೀಸ್ ಬೇಡ, ಅದಕ್ಕೆ ಗ್ರಾಫೈಟ್ ಪುಡಿ ಒಳ್ಳೆಯದು. ಕೇಬಲ್ ಹೊಸದೇ ಹಾಕಿಸಿ. ಎಸ್ಟೀಮ್ ಬರುವುದು 2007ಕ್ಕೇ ನಿಂತಿತು, ಹಾಗಾಗಿ ಬಿಡಿಭಾಗ ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಹಳೆಯದಾದರೂ ಪರವಾಗಿಲ್ಲ ಅಂದರೆ ಶಿವಾಜಿನಗರದ ಗುಜರಿ ಅಂಗಡಿಗಳಿವೆ. ಮತ್ತೆ, ಡಿಕ್ಕಿಯೊಳಗೆ ಎಲ್ಲಿಂದಾದರೂ ನೀರು ಬರುತ್ತಿದೆಯಾ ಅಂತ ನೋಡದೆ ಬಿಡಬೇಡಿ. ಮ್ಯಾಟ್ ಎತ್ತಿ, ಸ್ಟೆಪ್ನಿ ಗುಂಡಿಯಲ್ಲಿ ಪಸೆ ಇದೆಯಾ ನೋಡಿ, ಹಿಂದಿನ ಲೈಟುಗಳ ಸುತ್ತಲಿನ ರಬ್ಬರ್ ಒಡೆದಿದೆಯಾ ನೋಡಿ.

ಪ್ರಶ್ನೆ: ನಮ್ಮ ಹಳೆ ಕಾರಿನ ಡಿಕ್ಕಿ ಬೀಗದಲ್ಲೇ ಕೀ ಮುರಿದು ಅರ್ಧ ಒಳಗೆ ಉಳಿದಿದೆ. ಡ್ರಿಲ್ ಹಾಕಿಸಬೇಕಾ? ಡಿಕ್ಕಿಯಲ್ಲಿ ಎಲ್‌ಪಿಜಿ ಟ್ಯಾಂಕ್ ಇದೆ.
— ಮೈಸೂರಿನ ಓದುಗರು

ಉತ್ತರ: ಡ್ರಿಲ್ ಬೇಡವೇ ಬೇಡ. ಗ್ಯಾಸ್ ಟ್ಯಾಂಕ್ ಇರುವ ಮುಚ್ಚಿದ ಡಿಕ್ಕಿಯ ಹತ್ತಿರ ಕಿಡಿ ಹಾರುವ ಕೆಲಸ ಯಾರು ಎಷ್ಟೇ ಧೈರ್ಯ ಹೇಳಿದರೂ ಮಾಡಿಸಬೇಡಿ. ಗ್ಯಾಸ್ ವಾಸನೆ ಬಂದರಂತೂ ಬೀಗ ಮುಟ್ಟದೆ ಮೊದಲು ಗ್ಯಾಸ್ ಕಿಟ್ ಮೆಕ್ಯಾನಿಕ್ಕನ್ನು ಕರೆಸಿ. ಕೀ ಸ್ವಲ್ಪ ತಿರುಗಿದ ಮೇಲೆ ಮುರಿದಿದ್ದರೆ, ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಸೀಳನ್ನು ಮೊದಲಿನ ನೇರಕ್ಕೆ ತನ್ನಿ. ನೇರ ಇಲ್ಲದಿದ್ದರೆ ತುಂಡು ಎಷ್ಟು ಎಳೆದರೂ ಬರುವುದಿಲ್ಲ. ಸ್ಪ್ರೇ ಹೊಡೆದು, ತೆಳ್ಳಗಿನ ಗರಗಸದ ಬ್ಲೇಡನ್ನು ಹಲ್ಲುಗಳು ಹೊರಮುಖವಾಗಿರುವಂತೆ ಕೀಯ ಪಕ್ಕದಲ್ಲಿ ತೂರಿಸಿ, ಕೀಯ ಹಲ್ಲಿಗೆ ಸಿಕ್ಕಿಸಿ ಹೊರಗೆಳೆಯಿರಿ. ಫೆವಿಕ್ವಿಕ್ ಹಚ್ಚಿ ಅಂಟಿಸಿ ತೆಗೆಯುವ ಉಪಾಯ ಬೇಡ, ಅಂಟು ಒಳಗೆ ಇಳಿದರೆ ಬೀಗವೇ ಹೋಗುತ್ತದೆ. ಎರಡೂ ತುಂಡು ಜೋಪಾನ, ಅವನ್ನು ಜೋಡಿಸಿಟ್ಟುಕೊಂಡು ಕೀ ಮಾಡುವವರು ಹೊಸದು ಮಾಡಿಕೊಡುತ್ತಾರೆ.

ಪ್ರಶ್ನೆ: ಡಿಕ್ಕಿ ಲಾಕ್ ಆಗುತ್ತಿಲ್ಲ. ಹಗ್ಗ ಕಟ್ಟಿಕೊಂಡು ಊರಿಗೆ ಹೋಗಿ ಬರಬಹುದಾ?
— ಚಿತ್ರದುರ್ಗದ ಓದುಗರು

ಉತ್ತರ: ಬೇಡ. ಸಾಮಾನು ಬೀಳುವುದು ಸಣ್ಣ ಭಯ. ಕಾರು ಓಡುವಾಗ ಹಿಂದೆ ಸುಳಿಯುವ ಗಾಳಿ ಸೈಲೆನ್ಸರಿನ ಹೊಗೆಯನ್ನು ತೆರೆದ ಡಿಕ್ಕಿಯ ಮೂಲಕ ಒಳಗೆ ತರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಹಿಂದಿನ ಸೀಟಿನಲ್ಲಿ ಮಲಗಿದ ಮಗುವಿಗೆ ತಲೆನೋವು ಬಂದಿದ್ದು ಸುಸ್ತಿಗೆ ಅಂತಲೇ ನೀವು ಅಂದುಕೊಳ್ಳುತ್ತೀರಿ. ಹತ್ತಿರದ ಗ್ಯಾರೇಜಿನವರೆಗೆ ಮಾತ್ರ, ಒಬ್ಬರೇ, ಕಿಟಕಿ ಇಳಿಸಿ, ಬ್ಲೋವರನ್ನು ಹೊರಗಿನ ಗಾಳಿಗೆ ಇಟ್ಟು ಹೋಗಿ.

ಎಷ್ಟೋ ಸಲ ರಿಪೇರಿ ಇಷ್ಟೇ ಇರುತ್ತದೆ: ಕೊಂಡಿ ಕಚ್ಚುವ ಕಂಬಿ ತನ್ನ ಜಾಗದಿಂದ ಸರಿದಿರುತ್ತದೆ. ಅದರ ಬೋಲ್ಟಿನ ತೂತುಗಳು ಉದ್ದುದ್ದ ಇರುವುದು ಹಾಗೆ ಸರಿಸಿ ಕೂರಿಸಲಿಕ್ಕೇ. ಈಗಿರುವ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಬೋಲ್ಟ್ ಸಡಿಲಿಸಿ, ಒಂದೊಂದೇ ಮಿಲಿಮೀಟರ್ ಸರಿಸಿ ಬಿಗಿ ಮಾಡಿ, ಮುಚ್ಚಳವನ್ನು ಮೆಲ್ಲಗೆ ಇಳಿಸಿ ಕಂಬಿ ಕೊಂಡಿಯ ನಡುವಿಗೆ ಬರುತ್ತಿದೆಯಾ ನೋಡಿ.