ಪಾವಗಡದ ಬಿಸಿಲು ರಾತ್ರಿಗೆ ಸಾಲುತ್ತಾ?

ಪ್ರಶ್ನೆ: ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಇದೆ. ಹಗಲಿನ ಕರೆಂಟನ್ನು ಬ್ಯಾಟರಿಗೆ ತುಂಬಿಸಿ ರಾತ್ರಿಯಿಡೀ 2,000 ಮೆಗಾವಾಟ್ ಕೊಡಬಹುದಲ್ವಾ?

ಎಷ್ಟು ಜನ ಇದನ್ನು ಕೇಳಿದ್ದಾರೋ! ಲೆಕ್ಕ ಹಾಕಿ ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಮನೆಯ ಕರೆಂಟ್ ಬಿಲ್ ತೆಗೆದು ನೋಡಿ. ಲೋಡ್ ಇರುವುದು ಕಿಲೋವಾಟ್‌ನಲ್ಲಿ, ಬಳಸಿದ್ದು ಯೂನಿಟ್‌ನಲ್ಲಿ. ಎರಡೂ ಬೇರೆ ಬೇರೆ: ಮೊದಲನೆಯದು ಕರೆಂಟ್ ಹರಿಯುವ ಜೋರು, ಎರಡನೆಯದು ಒಟ್ಟು ಹರಿದದ್ದು. ಒಂದು ಮೆಗಾವಾಟ್ ಒಂದು ಗಂಟೆ ಹರಿದರೆ ಸಾವಿರ ಯೂನಿಟ್. 2,000 ಮೆಗಾವಾಟನ್ನು 12 ಗಂಟೆ ಹರಿಸಲು 2.4 ಕೋಟಿ ಯೂನಿಟ್ ಬೇಕು. ಪ್ಯಾನೆಲ್‌ಗಳು ಪೂರ್ತಿ ಜೋರಿನಲ್ಲಿ ದುಡಿಯುವುದು ನಡುಮಧ್ಯಾಹ್ನದ ಆಸುಪಾಸಿನಲ್ಲಿ ಮಾತ್ರ, ಹಾಗಾಗಿ ಹಗಲು ಯಾರೂ ಒಂದು ಫ್ಯಾನೂ ಹಾಕದೆ ಪಾವಗಡದ ಇಡೀ ದಿನದ ಕರೆಂಟನ್ನು ಕೂಡಿಟ್ಟರೂ ಅಷ್ಟಾಗುವುದಿಲ್ಲ. ಅದರಲ್ಲೂ ತುಂಬಿಸಿ ತೆಗೆಯುವಾಗ ನೂರಕ್ಕೆ ಸುಮಾರು 15 ಯೂನಿಟ್ ಸೋರಿಹೋಗುತ್ತದೆ.

ಇನ್ನು ಬ್ಯಾಟರಿ. ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್ ಬ್ಯಾಟರಿ 2017ರಲ್ಲಿ ಶುರುವಾದಾಗ ಲಿಥಿಯಂ ಬ್ಯಾಟರಿಗಳಲ್ಲಿ ಜಗತ್ತಿಗೇ ದೊಡ್ಡದು. 2020ರಲ್ಲಿ ಹಿಗ್ಗಿಸಿದ ಮೇಲೂ ಅದು ಹಿಡಿಯುವುದು 1,93,500 ಯೂನಿಟ್. 150 ಮೆಗಾವಾಟ್‌ನಲ್ಲಿ ಬಿಟ್ಟರೆ ಒಂದೂಕಾಲು ಗಂಟೆ ಚಿಲ್ಲರೆಗೆ ಖಾಲಿ. ನಿಮ್ಮ ಆಸೆಗೆ ಅಂಥವು 124 ಬೇಕು.

ಹಾಗಾದರೆ ಬ್ಯಾಟರಿ ದಂಡವಾ? ಖಂಡಿತ ಅಲ್ಲ. ಎಲ್ಲೋ ಒಂದು ದೊಡ್ಡ ಸ್ಥಾವರ ಟ್ರಿಪ್ ಆದರೆ ಗ್ರಿಡ್‌ನ 50 ಹರ್ಟ್ಸ್ ಫ್ರೀಕ್ವೆನ್ಸಿ, ಅಂದರೆ ಕರೆಂಟಿನ ಸೆಕೆಂಡಿಗೆ 50ರ ಮಿಡಿತ, ಕುಸಿಯುತ್ತದೆ. ಕಲ್ಲಿದ್ದಲು ಬಾಯ್ಲರ್ ಜೋರು ಹೆಚ್ಚಿಸಿಕೊಳ್ಳಲು ನಿಮಿಷಗಳೇ ಬೇಕು, ಬ್ಯಾಟರಿ ಕಣ್ಣು ಮಿಟುಕಿಸುವಷ್ಟರಲ್ಲಿ ಹೆಗಲು ಕೊಡುತ್ತದೆ. ಇನ್ನೊಂದು ಕೆಲಸ ಸಂಜೆಯದ್ದು: ಸೂರ್ಯ ಮುಳುಗಿ ಎಲ್ಲ ಮನೆಗಳಲ್ಲೂ ದೀಪ, ಟಿವಿ ಹತ್ತುವ ಆ ಎರಡು-ನಾಲ್ಕು ಗಂಟೆಗೆ ಮಧ್ಯಾಹ್ನದ ಬಿಸಿಲನ್ನು ದಾಟಿಸುವುದು. ಮಳೆಗಾಲದ್ದನ್ನು ಬೇಸಿಗೆಗೆ ಇಡುವುದಕ್ಕೆ ಲಿಂಗನಮಕ್ಕಿಯಂಥ ಜಲಾಶಯ ಇದೆ, ಅದನ್ನು ಬ್ಯಾಟರಿ ಹತ್ತಿರ ಕೇಳಬೇಡಿ.

ಪ್ರಶ್ನೆ: ಮಂಡ್ಯದಲ್ಲಿ ಲಿಥಿಯಂ ಸಿಕ್ಕಿದೆ. ಇನ್ನು ಬ್ಯಾಟರಿ ಅಗ್ಗ ಅಲ್ವಾ?

ಅಂದಾಜು 1,600 ಟನ್ ಅಷ್ಟೇ, ಬ್ಯಾಟರಿ ಅಗ್ಗವಾಗುವಷ್ಟಲ್ಲ. ಅದೂ ಇನ್ನೂ ಬಂಡೆಯೊಳಗೇ ಇದೆ.

ಪ್ರಶ್ನೆ: ಸಾಕೆಟ್‌ಗೆ ಸಿಕ್ಕಿಸಿದರೆ ಕರೆಂಟ್ ಕೂಡಿಟ್ಟು ಬಿಲ್ ಇಳಿಸುವ ಡಬ್ಬಿ ತರಲಾ?

ಬೇಡ. ಬಿಚ್ಚಿ ನೋಡಿದ್ದೇನೆ, ಒಂದು ಕೆಪಾಸಿಟರ್, ಒಂದು ಎಲ್‌ಇಡಿ ದೀಪ, ಅಷ್ಟೇ. ಮಾರುವವನ ಬಿಲ್ ಇಳಿದಿರಬಹುದು.

ಪ್ರಶ್ನೆ: ಊರ ಪಕ್ಕ ಬ್ಯಾಟರಿ ಹಾಕಿದರೆ ಬೆಂಕಿಯ ಭಯ ಇಲ್ವಾ?

ಇದೆ. ಸುಮ್ನೆ ಇಲ್ಲ ಅನ್ನುವವರನ್ನು ನಂಬಬೇಡಿ. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ಹೊತ್ತಿದ್ದು ಹಳೆ ಟರ್ಬೈನ್ ಕಟ್ಟಡದೊಳಗೆ ಒತ್ತಾಗಿ ಜೋಡಿಸಿದ್ದ ನಿಕಲ್ ಇರುವ ಬ್ಯಾಟರಿಗಳು. ಈಗ ಜಾಸ್ತಿ ಬರುತ್ತಿರುವುದು ಕಬ್ಬಿಣ-ಫಾಸ್ಫೇಟ್‌ನವು, ಅಷ್ಟು ಬೇಗ ಕೆರಳುವುದಿಲ್ಲ. ಆದರೂ ಬಯಲಿನಲ್ಲಿ, ಕಂಟೇನರ್‌ಗಳ ನಡುವೆ ಧಾರಾಳ ಜಾಗ ಬಿಟ್ಟಿಲ್ಲದಿದ್ದರೆ ನಾನಂತೂ ಸಹಿ ಹಾಕುವುದಿಲ್ಲ.